ತಗ್ಗಿದ ಮೂತಿಯ ಹೊಸ ಟ್ರಕ್ಕು



ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂದರೆ ಸಾಮಾನು ಸಾಗಿಸುವ ಗಾಡಿಯೂ ಹೌದು, ಮನೆಮಂದಿ ಓಡಾಡುವ ಕಾರೂ ಹೌದು. 1925ರಲ್ಲಿ ಫೋರ್ಡ್ ಕಂಪನಿಯು ತನ್ನ ಮಾಡೆಲ್ ಟಿ ಕಾರಿನ ಹಿಂಭಾಗದಲ್ಲಿ ಉಕ್ಕಿನ ಪುಟ್ಟ ತೊಟ್ಟಿಯೊಂದನ್ನು ಕೂರಿಸಿ 281 ಡಾಲರಿಗೆ ಮಾರಿತು. ಅದನ್ನು ಹೊಲಕ್ಕೆ, ಸಂತೆಗೆ, ಕೆಲಸದ ಜಾಗಕ್ಕೆ ಒಯ್ಯುವವರಿಗಾಗಿ ಮಾಡಲಾಗಿತ್ತು. ಇಂದು ಅದೇ ಜಾತಿಯ ವಾಹನವನ್ನು ಕಚೇರಿಗೆ ಹೋಗಿಬರಲು ಕೊಳ್ಳುವವರೂ ಇದ್ದಾರೆ. ಅಂಥವರ ತೊಟ್ಟಿ ಬಹುತೇಕ ಖಾಲಿಯಾಗಿಯೇ ಇರುತ್ತದೆ.

ಹೊಸ ಟ್ರಕ್ಕನ್ನು ಮನೆಯ ಮುಂದೆ ನಿಲ್ಲಿಸಿ ಪಕ್ಕದಿಂದ ನೋಡಿದಾಗ ಯಜಮಾನನಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೂತಿ ತಗ್ಗಿದೆ, ಹಿಂಭಾಗ ಎದ್ದಿದೆ. ಗಾರೆಯವರ ರಸಮಟ್ಟವನ್ನು ಇಟ್ಟರೆ ಗುಳ್ಳೆ ಹಿಂದಕ್ಕೆ ಓಡುತ್ತದೆ. ಇಷ್ಟೊಂದು ಹಣ ಕೊಟ್ಟು ತಂದ ವಾಹನ ಹೀಗೇಕೆ ಮುಗ್ಗರಿಸಿದಂತೆ ನಿಂತಿದೆ ಎಂದು ಅವನಿಗೆ ಅನ್ನಿಸುತ್ತದೆ. ಇದನ್ನು ಸರಿಪಡಿಸುವ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ಅದರ ಹೆಸರು ಲೆವೆಲಿಂಗ್ ಕಿಟ್. ಅದನ್ನು ಜೋಡಿಸುವ ಮೊದಲು, ಆ ಓರೆ ಅಲ್ಲಿ ಏಕಿದೆ ಎಂಬುದನ್ನು ತಿಳಿಯೋಣ.

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಒತ್ತುತ್ತದೆ. ಹೇರುವವನು ಕಣ್ಣಳತೆಯಲ್ಲೇ ಇದನ್ನು ಸರಿದೂಗಿಸುತ್ತಾನೆ. ಪಿಕಪ್ಪಿನಲ್ಲಿ ಆ ಅವಕಾಶವಿಲ್ಲ. ತೊಟ್ಟಿ ಇರುವುದೇ ಹಿಂದಿನ ಅಚ್ಚಿನ ಮೇಲೆ, ಆದ್ದರಿಂದ ಹೇರಿದ್ದರಲ್ಲಿ ಬಹುಪಾಲು ಹಿಂದಿನ ಸ್ಪ್ರಿಂಗುಗಳ ಮೇಲೆಯೇ ಬೀಳುತ್ತದೆ.

ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯ ನಿಯಮವಿದೆ. ಬೇರೆಯವರು ಕದ್ದಾರೆಂಬ ಅಂಜಿಕೆಯಿಂದಲೋ ಏನೋ, 1676ರಲ್ಲಿ ಆತ ಅದನ್ನು ಅಕ್ಷರಗಳನ್ನು ಕಲಸಿಟ್ಟ ಒಗಟಿನಂತೆ ಪ್ರಕಟಿಸಿ, 1678ರಲ್ಲಷ್ಟೇ ಬಿಡಿಸಿ ಹೇಳಿದ. ಬಲ ಇಮ್ಮಡಿಯಾದರೆ ಕುಗ್ಗುವಿಕೆಯೂ ಇಮ್ಮಡಿ ಎಂಬುದು ಅದರ ಸಾರ. ಹಿಂದಿನ ಎರಡು ಸ್ಪ್ರಿಂಗುಗಳು ಸೇರಿ ಒಂದು ಮಿಲಿಮೀಟರ್ ಕುಗ್ಗಲು 100 ನ್ಯೂಟನ್ ಬಲ ಬೇಕೆಂದು ಇಟ್ಟುಕೊಳ್ಳಿ. 500 ಕಿಲೋ ಸಿಮೆಂಟಿನ ಭಾರ ಸುಮಾರು 4,900 ನ್ಯೂಟನ್. ಅಂದರೆ ಹಿಂಭಾಗ 49 ಮಿಲಿಮೀಟರ್, ಹತ್ತಿರಹತ್ತಿರ 2 ಅಂಗುಲ ಇಳಿಯುತ್ತದೆ. ಖಾಲಿ ಟ್ರಕ್ಕಿನ ಹಿಂಭಾಗ ಎತ್ತರವಾಗಿರುವುದು ಈ ಇಳಿತಕ್ಕಾಗಿ ಕಾದಿರಿಸಿದ ಜಾಗ. ಭಾರ ಬಿದ್ದಾಗ ವಾಹನ ತಾನಾಗಿಯೇ ಮಟ್ಟಕ್ಕೆ ಬರುತ್ತದೆ.

ಇನ್ನು ಕಿಟ್ಟಿನ ವಿಷಯ. ಮುಂದಿನ ಚಕ್ರದ ಹಿಂದೆ ಸುರುಳಿ ಸ್ಪ್ರಿಂಗು, ಅದರೊಳಗೆ ಶಾಕ್ ಅಬ್ಸಾರ್ಬರ್, ಎರಡೂ ಸೇರಿದ ಒಂದು ಕಂಬವಿರುತ್ತದೆ. ಇದನ್ನು ಸ್ಟ್ರಟ್ ಎನ್ನುತ್ತಾರೆ. ಸಾಮಾನ್ಯ ಕಿಟ್ಟಿನಲ್ಲಿ ಇರುವುದು ಈ ಸ್ಟ್ರಟ್ಟಿನ ನೆತ್ತಿಗೂ ವಾಹನದ ಚೌಕಟ್ಟಿಗೂ ನಡುವೆ ಇಡುವ ಎರಡು ಲೋಹದ ಬಿಲ್ಲೆಗಳು, ಪಕ್ಕಕ್ಕೊಂದರಂತೆ. ವಾಹನವನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಚಕ್ರ ಕಳಚಿ, ಸ್ಟ್ರಟ್ಟನ್ನು ಹೊರತೆಗೆದು, ನೆತ್ತಿಗೆ ಬಿಲ್ಲೆ ಬಿಗಿದು ಮತ್ತೆ ಕೂರಿಸಬೇಕು. ಅನುಭವಿ ಮೆಕ್ಯಾನಿಕ್ಕನಿಗೆ ಇದು ಅರ್ಧ ದಿನದ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಟ್ರಟ್ಟಿನ ನೆತ್ತಿಯಲ್ಲಿ ಸುತ್ತಲೂ ಇರುವ ನಟ್ಟುಗಳು ಅದನ್ನು ಚೌಕಟ್ಟಿಗೆ ಹಿಡಿದಿರುತ್ತವೆ. ನಟ್ಟನಡುವಿನ ನಟ್ಟಿನ ಕೆಲಸವೇ ಬೇರೆ. ಕುಗ್ಗಿಸಿದ ಸ್ಪ್ರಿಂಗನ್ನು ಅದು ಹಿಡಿದಿಟ್ಟಿರುತ್ತದೆ. ಒಂದು ಮಿಲಿಮೀಟರಿಗೆ 100 ನ್ಯೂಟನ್ ಬೇಡುವ ಸ್ಪ್ರಿಂಗನ್ನು 100 ಮಿಲಿಮೀಟರ್ ಕುಗ್ಗಿಸಿದ್ದರೆ ಅದರಲ್ಲಿ ಅಡಗಿರುವ ಶಕ್ತಿ 500 ಜೂಲ್. ಐವತ್ತು ಕಿಲೋ ತೂಕದ ಮೂಟೆ ಒಂದು ಮೀಟರ್ ಎತ್ತರದಿಂದ ಮೈಮೇಲೆ ಬೀಳುವುದಕ್ಕೆ ಇದು ಸಮ. ತಕ್ಕ ಉಪಕರಣವಿಲ್ಲದೆ ಆ ನಟ್ಟನ್ನು ಬಿಚ್ಚಿದರೆ ಅಷ್ಟೂ ಶಕ್ತಿ ಕ್ಷಣಮಾತ್ರದಲ್ಲಿ ಹೊರಬೀಳುತ್ತದೆ.

ಬಿಲ್ಲೆಯ ದಪ್ಪವನ್ನು ಅಳೆದವರಿಗೆ ಒಂದು ಅಚ್ಚರಿ ಕಾದಿರುತ್ತದೆ. ಬಿಲ್ಲೆ ಒಂದು ಅಂಗುಲದಷ್ಟಿದ್ದರೂ ಮೂತಿ ಸುಮಾರು ಎರಡು ಅಂಗುಲ ಏರಬಹುದು. ಚಕ್ರವನ್ನು ಹಿಡಿದಿರುವ ಕೆಳತೋಳು ಒಂದು ಸನ್ನೆ. ಅದರ ಒಂದು ತುದಿ ಚೌಕಟ್ಟಿನಲ್ಲಿ, ಇನ್ನೊಂದು ತುದಿ ಚಕ್ರದಲ್ಲಿ. ಸ್ಟ್ರಟ್ಟು ಊರಿರುವುದು ನಡುವೆ ಎಲ್ಲೋ. ನಡುವೆ ಒಂದಂಗುಲ ಒತ್ತಿದರೆ ಚಕ್ರದ ತುದಿ ಅದಕ್ಕಿಂತ ಹೆಚ್ಚು ಸರಿಯುತ್ತದೆ. ಆದ್ದರಿಂದಲೇ ತೋಳುಗಳು ಈಗ ಮೊದಲಿಗಿಂತ ಕೆಳಕ್ಕೆ ಬಾಗಿ ನಿಲ್ಲುತ್ತವೆ, ಚಕ್ರ ಗುಂಡಿಗೆ ಇಳಿದಾಗ ಕೀಲುಗಳು ತಮಗೆ ಗೊತ್ತುಮಾಡಿದ ಕೋನವನ್ನು ಮೀರಿ ತಿರುಗುತ್ತವೆ. ಬಿಲ್ಲೆ ದಪ್ಪವಾದಷ್ಟೂ ಕೀಲುಗಳ ಸವೆತ ಹೆಚ್ಚು. ಚಕ್ರಗಳ ಓರೆಯೂ ಬದಲಾಗುವುದರಿಂದ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲವಾದರೆ ಟಯರಿನ ಒಂದು ಅಂಚು ಬೇಗ ಸವೆಯುತ್ತದೆ. ಇಷ್ಟನ್ನು ಅಂಗಡಿಯವರೂ ಹೇಳುತ್ತಾರೆ.

ಸುಲಭವಾಗಿ ಮರೆತುಹೋಗುವುದು ದೀಪಗಳು. ಇದರ ನಷ್ಟ ಟ್ರಕ್ಕಿನವನಿಗೆ ತಟ್ಟುವುದಿಲ್ಲ, ಎದುರಿನಿಂದ ಬರುವವನಿಗೆ ತಟ್ಟುತ್ತದೆ.

ಲೆಕ್ಕ ಮಾಡಿ ನೋಡೋಣ. ಅಲ್ಲಿ ಬಹಳವಾಗಿ ಓಡುವ ನಾಲ್ಕು ಬಾಗಿಲಿನ ಫೋರ್ಡ್ ಎಫ್-150 ಟ್ರಕ್ಕಿನ ಮುಂದಿನ, ಹಿಂದಿನ ಅಚ್ಚುಗಳ ನಡುವಿನ ಅಂತರ ಸುಮಾರು 145 ಅಂಗುಲ. ಮೂತಿಯನ್ನು 2 ಅಂಗುಲ ಎತ್ತಿದರೆ ಇಡೀ ವಾಹನ 145ಕ್ಕೆ 2ರಂತೆ ಹಿಂದಕ್ಕೆ ವಾಲುತ್ತದೆ. ದೀಪದ ಕಿರಣವೂ ಅಷ್ಟೇ ಮೇಲಕ್ಕೆ ತಿರುಗುತ್ತದೆ. ಇಪ್ಪತ್ತೈದು ಅಡಿ, ಅಂದರೆ 300 ಅಂಗುಲ ದೂರದ ಗೋಡೆಯ ಮೇಲೆ ಬೆಳಕಿನ ಅಂಚು 4 ಅಂಗುಲಕ್ಕಿಂತ ತುಸು ಹೆಚ್ಚು ಏರುತ್ತದೆ. ದೀಪವೇ ಎತ್ತರಕ್ಕೆ ಹೋದದ್ದನ್ನು ಇದಕ್ಕೆ ಬೇರೆಯಾಗಿ ಸೇರಿಸಬೇಕು. ಡಿಮ್ ಮಾಡಿದ ಬೆಳಕು ನೂರಕ್ಕೆ ಒಂದರಂತೆ ಇಳಿಯುವ ಹಾಗೆ ಹೊಂದಿಸಿದ್ದರೆ ಅಷ್ಟೇ ದೂರದಲ್ಲಿ ಅದು 3 ಅಂಗುಲ ಕೆಳಗಿರಬೇಕು. ಮೂರು ಇಳಿಯಬೇಕಾದದ್ದು ನಾಲ್ಕು ಏರಿತು. ಈಗ ಅದು ದೂರ ಹೋದಷ್ಟೂ ಮೇಲೇರುವ ಬೆಳಕು; 150 ಅಡಿಯ ಆಚೆ ಬರುವ ಚಿಕ್ಕ ಕಾರಿನ ಚಾಲಕನ ಕಣ್ಣಿಗೆ ಅದು ನೇರವಾಗಿ ಹೊಡೆಯುತ್ತದೆ. ಅವನು ಕುರುಡಾಗಿ ಓಡಿಸುವ ಆ ಎರಡು ಮೂರು ಸೆಕೆಂಡುಗಳಲ್ಲಿ ರಸ್ತೆಯಂಚಿನಲ್ಲಿ ನಡೆಯುವವರು ಅವನಿಗೆ ಕಾಣುವುದಿಲ್ಲ.

ಭಾರ ಹೇರಿದಾಗ ಬೆಳಕು ಮೇಲೇಳುವುದು ಕಿಟ್ ಇಲ್ಲದ ಟ್ರಕ್ಕಿನಲ್ಲೂ ಇದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಕಿಟ್ ಹಾಕಿಸಿ ದೀಪವನ್ನು ತಿರುಗಿಸದೆ ಬಿಟ್ಟು, ಹಿಂದೆ ಸಿಮೆಂಟನ್ನೂ ಹೇರಿದರೆ ಅದು ಇಮ್ಮಡಿಯಾಗುತ್ತದೆ. ಕಾದಿರಿಸಿದ ಜಾಗವನ್ನು ಮೊದಲೇ ಬಳಸಿಕೊಂಡಿರುವುದರಿಂದ ಈಗ ಬಾಲ ತಗ್ಗಿ ಮೂತಿ ಆಕಾಶ ನೋಡುತ್ತದೆ. ಬಾನೆಟ್ಟಿನ ಮುಂದೆ ಚಾಲಕನಿಗೆ ಕಾಣದ ಜಾಗ ಹಿಗ್ಗುತ್ತದೆ. ಅಲ್ಲಿ ಒಂದು ಮಗು ನಿಂತಿರಬಹುದು.

ಈ ಆಕಾಶ ನೋಡುವ ನಿಲುವನ್ನೇ ಸೊಗಸೆಂದು ತಿಳಿದು, ಬೇಕೆಂದೇ ಮೂತಿಯನ್ನು ಬಹಳ ಎತ್ತಿಸಿಕೊಂಡು ತಿರುಗುವ ಗೀಳೊಂದು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಹಬ್ಬಿತು. ಮುಂದಿನ ಮಡ್‌ಗಾರ್ಡು ಹಿಂದಿನದಕ್ಕಿಂತ 4 ಅಂಗುಲ ಅಥವಾ ಅದಕ್ಕೂ ಹೆಚ್ಚು ಎತ್ತರವಿರಬಾರದೆಂದು ನಾರ್ತ್ ಕ್ಯಾರೊಲಿನಾ 2021ರಲ್ಲಿ ಕಾನೂನು ಮಾಡಿತು. ಪ್ರಾಣಹಾನಿಯಾದ ಅಪಘಾತವೊಂದರ ಬಳಿಕ 2022ರಲ್ಲಿ ವರ್ಜೀನಿಯಾ, 2023ರಲ್ಲಿ ಸೌತ್ ಕ್ಯಾರೊಲಿನಾ ಅದೇ ಹಾದಿ ಹಿಡಿದವು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ.

ಹಾಗೆಂದು ಕಿಟ್ಟೇ ಕೆಟ್ಟದ್ದೆಂದು ನಾನು ಹೇಳಲಾರೆ. ಉತ್ತರದ ಮಿನಸೋಟಾ, ಮಿಷಿಗನ್ ರಾಜ್ಯಗಳಲ್ಲಿ ಚಳಿಗಾಲದಲ್ಲಿ ಟ್ರಕ್ಕಿನ ಮೂತಿಗೆ ಹಿಮ ತಳ್ಳುವ ಉಕ್ಕಿನ ಹಲಗೆಯನ್ನು ಕಟ್ಟುತ್ತಾರೆ. ಅದರ ಭಾರಕ್ಕೆ ಮುಂಭಾಗ ಇನ್ನಷ್ಟು ಕುಸಿಯುತ್ತದೆ. ಅಂಥವರು ಒಂದಂಗುಲ ಎತ್ತಿಸಿಕೊಂಡರೆ ಅದಕ್ಕೆ ಅರ್ಥವಿದೆ.

ಎತ್ತಿಸಿಕೊಂಡವರು ಮಾಡಬೇಕಾದ ಪರೀಕ್ಷೆಗೆ ಬೇಕಾಗುವುದು ಒಂದು ಗೋಡೆ, ಒಂದು ಸೀಮೆಸುಣ್ಣ, ಸಮತಟ್ಟಾದ ನೆಲ. ಬಿಲ್ಲೆ ಕೂರಿಸುವ ಮೊದಲೇ ಗೋಡೆಯಿಂದ 25 ಅಡಿ ದೂರದಲ್ಲಿ ಟ್ರಕ್ಕನ್ನು ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚಿಗೆ ಗೆರೆ ಎಳೆಯಬೇಕು. ದೀಪದ ನಡುಮಟ್ಟಕ್ಕೆ ಇನ್ನೊಂದು ಗೆರೆ ಹಾಕಿ, ಎರಡರ ಅಂತರವನ್ನು ಬರೆದಿಟ್ಟುಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ದೀಪದ ಹೊಸ ನಡುಮಟ್ಟದಿಂದ ಅಷ್ಟೇ ಅಂತರಕ್ಕೆ ಬೆಳಕು ಇಳಿಯುವ ತನಕ ದೀಪದ ಹಿಂದಿನ ತಿರುಪನ್ನು ತಿರುಗಿಸಬೇಕು. ಹತ್ತು ನಿಮಿಷ ಸಾಕು.