ತಕ್ಕಡಿ ಊರಿಗೆ ಬಂದ ಮೇಲೆ



ಹಾಲಿನ ಸಂಘಗಳ, ರೇಷ್ಮೆ ಬೆಳೆಗಾರರ, ಸ್ವಸಹಾಯ ಸಂಘಗಳ, ಗ್ರಾಮ ಪಂಚಾಯಿತಿಗಳ ಜನ ಸೇರಿರುವ ಈ ಸಮಾವೇಶದ ಅಧ್ಯಕ್ಷ ಸ್ಥಾನದಲ್ಲಿ ನನ್ನನ್ನು ಕೂರಿಸಿದ್ದೀರಿ. ನಾನು ಯೋಜನೆ ಬರೆದವನಲ್ಲ, ಬರೆದ ಯೋಜನೆಯನ್ನು ಹೊತ್ತು ಹಳ್ಳಿಗೆ ಹೋದವನು. ರೇಷ್ಮೆ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದೆ. ಅದರ ಬಹುಪಾಲು ಹುಳುಮನೆಗಳಲ್ಲಿ, ಹಿಪ್ಪುನೇರಳೆ ತೋಟಗಳ ಬದುವಿನಲ್ಲಿ, ಗೂಡಿನ ಮಾರುಕಟ್ಟೆಯ ಜಗಲಿಯಲ್ಲಿ ಕಳೆಯಿತು. ಸರ್ಕಾರದ ಇಲಾಖೆ, ನಿಗಮ, ಮಂಡಳಿಗಳು ಒಂದು ಊರಿನ ಬದುಕನ್ನು ಎತ್ತಿ ನಿಲ್ಲಿಸುವುದು ಹೇಗೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲೇ. ಆದ್ದರಿಂದ ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ರಾಮನಗರದ ಗೂಡಿನ ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ಬೆಳಗಿನ ಜಾವ ಅಲ್ಲಿಗೆ ಹೋಗಿ ನಿಂತವರಿಗೆ ಅದರ ವಾಸನೆ, ಗದ್ದಲ, ಜಾಲರಿಗಳಲ್ಲಿ ಹರಡಿದ ಹಳದಿ, ಬಿಳಿ ಗೂಡುಗಳ ರಾಶಿ ಮರೆಯುವುದಿಲ್ಲ. ಆದರೆ ಆ ಮಾರುಕಟ್ಟೆಯ ಮಹತ್ವ ಅರಿಯಬೇಕಾದರೆ ಗೂಡಿನ ಸ್ವಭಾವ ತಿಳಿದಿರಬೇಕು. ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಗೆ ಏರಿದ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಬಿಡಿಸಿದ ಮೇಲೆ ಕಾಯುವಂತಿಲ್ಲ. ಒಂದು ವಾರ ತಡವಾದರೆ ಒಳಗಿನ ಕೋಶ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲಾಗದು. ರಾಗಿಯನ್ನಾದರೂ ಕಣಜದಲ್ಲಿಟ್ಟು ಬೆಲೆ ಬರಲಿ ಎಂದು ಕಾಯಬಹುದು, ಗೂಡನ್ನು ಇಡಲಾಗದು. ಮಾರಲೇಬೇಕಾದವನ ಮುಂದೆ ಕೊಳ್ಳುವವನ ಕೈ ಯಾವಾಗಲೂ ಮೇಲು.

ನಾನು ಹುಡುಗನಾಗಿದ್ದಾಗ ನಮ್ಮ ಕಡೆ ಗೂಡು ಕೊಳ್ಳಲು ವ್ಯಾಪಾರಿಯೊಬ್ಬ ಮನೆ ಬಾಗಿಲಿಗೆ ಬರುತ್ತಿದ್ದ. ತಕ್ಕಡಿಯೂ ಅವನದೇ, ಕಲ್ಲೂ ಅವನದೇ. ಒದ್ದೆ ಇದೆ ಎಂದು ಇಷ್ಟು, ಕಸ ಇದೆ ಎಂದು ಇಷ್ಟು ಮುರಿದುಕೊಳ್ಳುತ್ತಿದ್ದ. ದುಡ್ಡು ಮಾತ್ರ ಮುಂದಿನ ಬೆಳೆಗೆ. ನನ್ನ ತಂದೆ ಒಂದು ದಿನವೂ ಅವನೊಂದಿಗೆ ಜಗಳವಾಡಲಿಲ್ಲ. ಜಗಳವಾಡಿದರೆ ಆ ಬೆಳೆಯ ಗೂಡು ಮನೆಯಲ್ಲೇ ಚಿಟ್ಟೆಯಾಗುತ್ತದೆಂದು ಅವರಿಗೆ ಗೊತ್ತಿತ್ತು. ನನ್ನ ಅವ್ವ ಇಪ್ಪತ್ತೆಂಟು ದಿನ ಹಸುಗೂಸಿನ ಹಾಗೆ ಹುಳು ಸಾಕುತ್ತಿದ್ದಳು. ನಾಲ್ಕನೇ ಜ್ವರ, ಅಂದರೆ ಹುಳು ಕೊನೆಯ ಸಲ ಪೊರೆ ಬಿಡುವ ಹಂತ, ಎದ್ದ ಮೇಲೆ ರಾತ್ರಿಯ ನಿದ್ದೆಯೂ ಇಲ್ಲ. ಆ ದುಡಿಮೆಯೆಲ್ಲ ಕೊನೆಗೆ ಬೇರೊಬ್ಬನ ಕಲ್ಲಿನ ಮೇಲೆ ತೂಗುತ್ತಿತ್ತು.

1959ರಲ್ಲಿ ಅಂದಿನ ಮೈಸೂರು ರಾಜ್ಯ ರೇಷ್ಮೆ ಮೊಟ್ಟೆ ಮತ್ತು ಗೂಡಿನ ಉತ್ಪಾದನೆ, ಸರಬರಾಜು, ಹಂಚಿಕೆಯನ್ನು ನಿಯಂತ್ರಿಸುವ ಕಾಯ್ದೆ ತಂದಿತು. ಕಾಗದದ ಮೇಲೆ ಅದು ಒಣ ಸಂಗತಿ. ಅದರಿಂದ ಬಂದ ಬದಲಾವಣೆ ಮಾತ್ರ ಎಷ್ಟೋ ಸಹಾಯಧನದ ಯೋಜನೆಗಳಿಗಿಂತ ದೊಡ್ಡದು. ಇಲಾಖೆಯ ಮಾರುಕಟ್ಟೆಗಳು ಹುಟ್ಟಿಕೊಂಡವು. ಪರವಾನಗಿ ಇದ್ದವರು ಮಾತ್ರ ಕೊಳ್ಳಬೇಕು. ಎಲ್ಲರ ಕಣ್ಣೆದುರು ಹರಾಜು, ಸರ್ಕಾರದ ತಕ್ಕಡಿ, ಸರ್ಕಾರದ ಚೀಟಿ. 1979ರಲ್ಲಿ ರೇಷ್ಮೆ ಮಾರಾಟ ಮಂಡಳಿ ಬಂತು. ನೂಲಿನ ಬೆಲೆ ಕುಸಿದಾಗ ಮಾರುಕಟ್ಟೆಗಿಳಿದು ತಾನೇ ಕೊಳ್ಳುವುದು ಅದರ ಕೆಲಸ. ನೂಲಿಗೆ ನೆಲೆ ಸಿಕ್ಕಿದರೆ ಗೂಡಿನಿಂದ ಎಳೆ ತೆಗೆಯುವ ಬಿಚ್ಚಾಣಿಕೆದಾರ ಉಳಿಯುತ್ತಾನೆ, ಅವನು ಉಳಿದರೆ ಗೂಡಿಗೆ ಬೆಲೆ. ಈಚೆಗೆ ಹರಾಜು ಮೊಬೈಲಿಗೆ ಬಂದಿದೆ. ಕೊಳ್ಳುವವನ ದುಡ್ಡು ಮೊದಲು ಖಾತೆಯಲ್ಲಿರಬೇಕು, ಬೆಳೆಗಾರನ ದುಡ್ಡು ಅವನ ಖಾತೆಗೆ ಹೋಗಬೇಕು. ಬಂದ ಬೆಲೆ ಒಪ್ಪದಿದ್ದರೆ ಬೆಳೆಗಾರ ಬೇಡ ಎನ್ನಬಹುದು. ಈ 'ಬೇಡ' ಎನ್ನುವ ಹಕ್ಕು ನನ್ನ ತಂದೆಗೆ ಇರಲಿಲ್ಲ.

ತಕ್ಕಡಿ ಒಂದೇ ಸಾಕಾಗಿದ್ದರೆ ನಮ್ಮ ಇಲಾಖೆಯ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. 1980ರಲ್ಲಿ ಊಜಿ ನೊಣ ಪಶ್ಚಿಮ ಬಂಗಾಳದ ಕಡೆಯಿಂದ ನಮ್ಮ ನಾಡಿಗೆ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಡುವ ನೊಣ ಅದು. ಅದರ ಮರಿ ಹುಳುವನ್ನು ಒಳಗಿಂದ ತಿಂದು ಗೂಡನ್ನೂ ತೂತು ಮಾಡುತ್ತದೆ. ಬೆಳೆಗಾರರು ಹಿಪ್ಪುನೇರಳೆ ಗಿಡವನ್ನೇ ಕಿತ್ತುಹಾಕುವ ಮಾತಾಡುತ್ತಿದ್ದರು. ಆಗ ಅವರನ್ನು ಹಿಡಿದು ನಿಲ್ಲಿಸಿದವರು ಇಲಾಖೆಯ ತಳಮಟ್ಟದ ಪ್ರದರ್ಶಕರು, ವಿಸ್ತರಣಾಧಿಕಾರಿಗಳು. ಸೈಕಲ್ಲಿನಲ್ಲಿ ಮನೆ ಮನೆಗೆ ಹೋಗಿ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟಿಸಿದರು, ನೊಣದ ಮರಿಗಳನ್ನು ಆಯ್ದು ಕೊಲ್ಲುವುದನ್ನು ಕೂತು ತೋರಿಸಿದರು. ಆ ಕೆಲಸಕ್ಕೆ ಉದ್ಘಾಟನೆ ಇರಲಿಲ್ಲ, ಶಿಲಾಫಲಕವೂ ಇರಲಿಲ್ಲ. ಗಿಡ ಮಾತ್ರ ಉಳಿಯಿತು.

ಹಾಲಿನ ಕಥೆಯೂ ಇದೇ ದಾರಿಯದು. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಸರ್ಕಾರ ಕಟ್ಟಿದ್ದನ್ನು ಉತ್ಪಾದಕರ ಕೈಗೆ ಕೊಟ್ಟದ್ದು ಆ ಕಾಲದ ದೊಡ್ಡ ತೀರ್ಮಾನ. ಇಂದು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಳ್ಳಿ ಸಂಘಗಳು ಬೆಳಿಗ್ಗೆ ಸಂಜೆ ಬಾಗಿಲು ತೆರೆಯುತ್ತವೆ. ಡೇರಿಗೆ ಹಾಲು ಹಾಕುವ ಹೆಂಗಸು ಕ್ಯಾನಿನ ಮುಂದೆ ನಿಂತು ಜಿಡ್ಡಿನಂಶ ಎಷ್ಟು ಬಂತು ಎಂದು ಕೇಳುತ್ತಾಳಲ್ಲ, ಆ ಪ್ರಶ್ನೆ ಕೇಳುವ ಧೈರ್ಯವನ್ನು ಸಂಘದ ಜಿಡ್ಡು ಅಳೆಯುವ ಯಂತ್ರ, ಅವಳ ಪಾಸ್ ಪುಸ್ತಕ ಕೊಟ್ಟವು. 2008ರಲ್ಲಿ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಬಂತು, ಆಮೇಲೆ ಅದು 5 ರೂಪಾಯಿಗೆ ಏರಿತು. ನೇರವಾಗಿ ಉತ್ಪಾದಕರಿಗೆ ಹೋಗುವ ಆ ಹಣವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಅಳೆಯುವ ಸಂಘ ಊರಲ್ಲಿ ಮೊದಲೇ ಇದ್ದುದರಿಂದ ಆ 5 ರೂಪಾಯಿ ಸೋರದೆ ಮನೆ ತಲುಪಿತು ಎಂಬುದನ್ನು ಮರೆಯಬಾರದು.

ಕ್ಷೀರಭಾಗ್ಯ ಯೋಜನೆಯನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. ಹಾಲು ಹೆಚ್ಚಾಗಿ, ಪುಡಿ ಮಾರಲಾಗದೆ ಒಕ್ಕೂಟಗಳು ಕಷ್ಟಪಡುತ್ತಿದ್ದ ಹೊತ್ತು ಅದು. 2013ರ ಆಗಸ್ಟ್ 1ರಂದು ಸರ್ಕಾರ ಆ ಪುಡಿಯನ್ನು ಶಾಲೆಗೆ, ಅಂಗನವಾಡಿಗೆ ಕಳಿಸಿ ಮಗುವಿಗೆ 150 ಮಿಲಿಲೀಟರ್ ಹಾಲು ಕೊಡತೊಡಗಿತು. ಯಾವ ಮನೆಯ ಹಟ್ಟಿಯಲ್ಲಿ ಹಾಲು ಕರೆದರೋ ಅದೇ ಮನೆಯ ಮಗು ಶಾಲೆಯಲ್ಲಿ ಲೋಟ ಹಿಡಿಯಿತು. ಹಾಲು ಮಾರಿ ಕಾಫಿಗೂ ಉಳಿಸಿಕೊಳ್ಳದ ಮನೆಗಳನ್ನು ನೋಡಿದವನಾಗಿ ಹೇಳುತ್ತೇನೆ: ಇಲಾಖೆಗಳ ನಡುವಿನ ಗೋಡೆ ಒಂದು ಕಡೆ ಒಡೆದರೆ ಎಷ್ಟು ಒಳ್ಳೆಯದಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೀಗೆ ಜನ, ಸರ್ಕಾರ ಸೇರಿ ಸಂಸ್ಥೆ ಕಟ್ಟುವುದು ನಮ್ಮ ನಾಡಿಗೆ ಹೊಸದೇನಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಆರ್ಥಿಕ ಸಮ್ಮೇಳನ, 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ, 1913ರಲ್ಲಿ ಮೈಸೂರು ಬ್ಯಾಂಕ್, ಆಮೇಲೆ ಸಾಬೂನು ಕಾರ್ಖಾನೆ ಬಂದವು. ಒಂದು ಕಡೆ ಊರ ಜನ, ಇನ್ನೊಂದು ಕಡೆ ಸರ್ಕಾರ. ಎರಡೂ ಕೈ ಸೇರಿದ ಜಾಗಗಳಲ್ಲಿ ಸಂಸ್ಥೆ ನೂರು ವರ್ಷ ಬಾಳಿದೆ.

ಸೇರದ ಜಾಗಗಳ ಮಾತನ್ನೂ ಆಡಬೇಕು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಕಲಬುರಗಿ ವಿಭಾಗದವು. ಆಮೇಲೆ ವಿಶೇಷ ಅಭಿವೃದ್ಧಿ ಯೋಜನೆ ಬಂತು, ಆ ಭಾಗಕ್ಕೆಂದೇ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕದ ಮಂಡಳಿಗೆ ಹೆಚ್ಚು ಹಣ ಬಂತು. ರಸ್ತೆಯಾಗಿದೆ, ಶಾಲಾ ಕೊಠಡಿಯಾಗಿದೆ, ಅಲ್ಲಗಳೆಯುವುದಿಲ್ಲ. ಆದರೆ ಕಲಬುರಗಿಯ ತೊಗರಿ ಬೆಳೆಗಾರನನ್ನು ನೋಡಿ. ಅವನ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ತೊಗರಿಗೆಂದೇ ಒಂದು ಮಂಡಳಿಯೂ ಇದೆ. ತೊಗರಿ ಗೂಡಿನಂತಲ್ಲ, ಇಟ್ಟರೆ ಉಳಿಯುತ್ತದೆ. ಆದರೂ ರಾಶಿ ಮಾಡಿದ ವಾರದಲ್ಲೇ ಅವನು ಮಾರುತ್ತಾನೆ. ಏಕೆಂದರೆ ಸಾಲದವರು ಬಾಗಿಲಲ್ಲಿ ನಿಂತಿದ್ದಾರೆ. ಉಗ್ರಾಣದಲ್ಲಿ ಕಾಳಿಟ್ಟು, ಅದರ ರಸೀದಿಯ ಮೇಲೆ ಅಡಮಾನ ಸಾಲ ಪಡೆದು, ಬೆಲೆ ಬಂದಾಗ ಮಾರುವ ದಾರಿ ಇದೆ. ರಾಜ್ಯ ಉಗ್ರಾಣ ನಿಗಮ 1957ರಿಂದಲೂ ಇದೆ. ಉಗ್ರಾಣ ತಾಲೂಕಿನಲ್ಲಿ, ರೈತ ಮೂವತ್ತು ಕಿಲೋಮೀಟರ್ ದೂರದಲ್ಲಿ, ಹತ್ತು ಚೀಲಕ್ಕೆ ಬಾಡಿಗೆ ಗಾಡಿ ಮಾಡಿಕೊಂಡು ಬರುವವನು ಯಾರು? ಗುರುತಿನ ಪತ್ರಕ್ಕಿಂತ ಹತ್ತಿರದ ಉಗ್ರಾಣ ಅವನಿಗೆ ಮುಖ್ಯ.

ಕೈಗಾರಿಕೆಯ ಕಡೆಯಲ್ಲೂ ಸಂಸ್ಥೆಗಳಿಗೆ ಬರವಿಲ್ಲ. 1959ರಿಂದ ಹಣಕಾಸು ನಿಗಮ, 1960ರಿಂದ ಸಣ್ಣ ಕೈಗಾರಿಕಾ ನಿಗಮ, 1966ರ ಕಾಯ್ದೆಯಿಂದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಅವುಗಳಿಂದ ಬೆಂಗಳೂರಿನ ಪೀಣ್ಯದಂಥ ಪ್ರದೇಶಗಳು ಬೆಳೆದವು. ಒಂದು ಎಕರೆ ಕೇಳುವವನಿಗೆ ಅಲ್ಲಿ ಬಾಗಿಲಿದೆ. ನಾಲ್ಕು ಅಂಕಣದ ಶೆಡ್ಡು ಕೇಳುವ ಹಳ್ಳಿಯ ಬಡಗಿಗೆ, ಗಾಣದವನಿಗೆ ಬಾಗಿಲು ಇನ್ನೂ ಸಣ್ಣದು.

ತಾಯಂದಿರ ಸಂಘಗಳ ಬಗ್ಗೆ ನನಗೆ ಆಸೆಯೂ ಇದೆ, ಆತಂಕವೂ ಇದೆ. 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳು ಶುರುವಾದಾಗ ಅಂಗನವಾಡಿ ಕಾರ್ಯಕರ್ತೆಯರೇ ಅವಕ್ಕೆ ಬೆನ್ನೆಲುಬು. ಆಮೇಲೆ ಸಂಜೀವಿನಿ ಯೋಜನೆ ಬಂತು, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳಾದವು. ಹೆಬ್ಬೆಟ್ಟು ಒತ್ತುತ್ತಿದ್ದವರು ಸಭೆಯ ನಡಾವಳಿ ಬರೆಯುತ್ತಿದ್ದಾರೆ. ಬ್ಯಾಂಕಿನ ಸಾಲ ಪೈಸೆ ಬಾಕಿಯಿಲ್ಲದೆ ತೀರಿಸಿದ ಎಷ್ಟೋ ಗುಂಪುಗಳನ್ನು ಬಲ್ಲೆ. ಆದರೆ ಅವರು ಮಾಡಿದ ರೊಟ್ಟಿ, ಚಟ್ನಿಪುಡಿ, ಹಪ್ಪಳ ವರ್ಷಕ್ಕೆರಡು ಮೇಳದಲ್ಲಿ ಮಾರಾಟವಾದರೆ ಸಾಕೇ? ಆ ಜಿಲ್ಲೆಯ ಹಾಸ್ಟೆಲ್ಲು, ಆಸ್ಪತ್ರೆ, ಅಂಗನವಾಡಿಗಳಿಗೆ ಬೇಕಾದ ಸಾಮಾನನ್ನು ಅವರಿಂದಲೇ ಏಕೆ ಕೊಳ್ಳಬಾರದು? ಕ್ಷೀರಭಾಗ್ಯದಲ್ಲಿ ಹಾಲಿಗೆ ಆದದ್ದು ಹಪ್ಪಳಕ್ಕೂ ಆಗಬಹುದು. ಸರ್ಕಾರ ಕೊಡುಗೈ ದಾನಿಯಾಗುವುದಕ್ಕಿಂತ ನಂಬಿಕಸ್ಥ ಗಿರಾಕಿಯಾಗುವುದು ಈ ಹೆಣ್ಣುಮಕ್ಕಳಿಗೆ ಬೇಕಾಗಿದೆ.

ಊರಿನ ಆಡಳಿತದ ಕಡೆಗೂ ನೋಡೋಣ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ನಾಲ್ಕರಲ್ಲೊಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾದದ್ದು ನಿಮಗೆ ನೆನಪಿರಬಹುದು. ಅದರ ಹಿಂದೆ ಅಂದಿನ ಸಚಿವ ಅಬ್ದುಲ್ ನಜೀರ್ ಸಾಬರಿದ್ದರು. ಊರೂರಿಗೆ ಕೊಳವೆಬಾವಿ ತಂದು ನೀರ್ ಸಾಬ್ ಎನಿಸಿಕೊಂಡವರು. ಬಾವಿ ಎಲ್ಲಿ ತೆಗೆಯಬೇಕೆಂಬುದನ್ನು ಊರೇ ಹೇಳಬೇಕು ಎಂಬ ನಂಬಿಕೆಯವರು. ಆ ದಾರಿಯಲ್ಲೇ ಬಂದ ಇಂದಿನ ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಒಂದೆರಡು ಕಡೆ ಸಂಜೆ ಹೋಗಿ ಕೂತು ಬಂದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರು, ಪೇಪರ್ ಓದುವ ಅಜ್ಜಂದಿರು ಒಂದೇ ಮೇಜಿನಲ್ಲಿದ್ದರು. ಇದಕ್ಕೆ ತಗಲುವ ಖರ್ಚು ಒಂದು ಸ್ವಾಗತ ಕಮಾನಿನಷ್ಟೂ ಇಲ್ಲ.

ಈಗ ನನ್ನ ಎರಡು ಕೋರಿಕೆ. ಮೊದಲನೆಯದು ಸರ್ಕಾರಕ್ಕೆ: ಹಳ್ಳಿಗೆ ಹೋಗುವ ನೌಕರರ ಖಾಲಿ ಹುದ್ದೆಗಳನ್ನು ತುಂಬಿ. ರೇಷ್ಮೆ, ಪಶುವೈದ್ಯ, ಕೃಷಿ, ತೋಟಗಾರಿಕೆ, ಯಾವ ಇಲಾಖೆಯನ್ನೇ ತೆಗೆದುಕೊಳ್ಳಿ, ಕಡಿಮೆಯಾಗುತ್ತಿರುವವರು ಕೆಳಗಿನವರೇ. ನಾನು ಕೆಲಸ ಕಲಿತ ತಾಂತ್ರಿಕ ಸೇವಾ ಕೇಂದ್ರವೊಂದಕ್ಕೆ ಈಚೆಗೆ ಹೋಗಿದ್ದೆ. ಒಬ್ಬ ಅಧಿಕಾರಿ ಮೂರು ಕೇಂದ್ರಗಳ ಬೀಗದ ಕೈ ಇಟ್ಟುಕೊಂಡು ಓಡಾಡುತ್ತಿದ್ದರು. ಹುಳುವಿಗೆ ರೋಗ ಬಂದ ದಿನ ಅವರು ಎರಡನೇ ಕೇಂದ್ರದಲ್ಲಿದ್ದರೆ ಆ ಮನೆಯ ಬೆಳೆ ಹೋದಂತೆಯೇ. ಆ್ಯಪ್ ಬೇಕು, ನಾನು ವಿರೋಧಿಯಲ್ಲ. ಆದರೆ ತಟ್ಟೆಯ ಮುಂದೆ ಬಾಗಿ ಹುಳುವಿನ ಬಣ್ಣ ನೋಡುವ ಕಣ್ಣು ಮನುಷ್ಯನದೇ ಆಗಿರಬೇಕು.

ಇನ್ನೊಂದು ನಿಮಗೆ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಸಹಾಯಧನದ ಪಟ್ಟಿಯಲ್ಲಿ ನಮ್ಮ ಹೆಸರಿದೆಯೇ ಎಂಬ ಪ್ರಶ್ನೆಯ ಜೊತೆಗೆ ಇವನ್ನೂ ಕೇಳಿ: ನಮ್ಮ ಬೆಳೆಯನ್ನು ಎಲ್ಲಿ ತೂಗುತ್ತಾರೆ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ, ನಮ್ಮ ಊರಿಗೆ ನೇಮಕವಾದ ವಿಸ್ತರಣಾಧಿಕಾರಿ ಯಾರು, ಅವರು ಯಾವ ವಾರ ಬರುತ್ತಾರೆ. ಉತ್ತರ ಬರುವವರೆಗೆ ಸಭೆಯ ನಡಾವಳಿಗೆ ಸಹಿ ಹಾಕಬೇಡಿ.