ಹಿಗ್ಗಿ ಕುಗ್ಗುವ ಅನಿಲಪಾತ್ರೆ

ಸಗಣಿಯಿಂದ ಗೋಬರ್ ಗ್ಯಾಸ್ ಹುಟ್ಟುವ ಕ್ರಿಯೆಗೆ ಹಗಲು ರಾತ್ರಿಯ ಭೇದವಿಲ್ಲ. ಒಲೆ ಉರಿಯುವುದು ಮಾತ್ರ ಬೆಳಿಗ್ಗೆ ಒಂದಷ್ಟು ಹೊತ್ತು, ಸಂಜೆ ಒಂದಷ್ಟು ಹೊತ್ತು. ನಡುವೆ ಹುಟ್ಟಿದ್ದನ್ನು ಎಲ್ಲಾದರೂ ಕೂಡಿಡಲೇಬೇಕು. ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಮನೆಮಟ್ಟದ ಸ್ಥಾವರಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅಷ್ಟು ಅನಿಲದ ಶಾಖವಾದರೋ ಒಂದು ಕಿಲೋ ಎಲ್‌ಪಿಜಿಯ ಶಾಖಕ್ಕಿಂತ ಕಡಿಮೆ. ಸ್ವಲ್ಪ ಇಂಧನ, ಬಹಳ ಜಾಗ: ತೊಡಕು ಇರುವುದೇ ಇಲ್ಲಿ. ಇದಕ್ಕೆ ಬಗ್ಗದ ಗಟ್ಟಿ ಪಾತ್ರೆ ಒಗ್ಗುವುದಿಲ್ಲ, ತುಂಬಿದಂತೆ ಹಿಗ್ಗಿ ಖಾಲಿಯಾದಂತೆ ಕುಗ್ಗುವ ಪಾತ್ರೆಯೇ ಸರಿ ಎಂಬುದು ನನ್ನ ವಾದ.

ಎಲ್‌ಪಿಜಿಯಂತೆ ಇದನ್ನೂ ಸಿಲಿಂಡರಿಗೆ ತುಂಬಬಾರದೇಕೆ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಎಲ್‌ಪಿಜಿಯಲ್ಲಿರುವ ಪ್ರೊಪೇನ್, ಬ್ಯೂಟೇನ್‌ಗಳು ನಮ್ಮ ಸುತ್ತಲಿನ ಉಷ್ಣತೆಯಲ್ಲೇ ಸಾಧಾರಣ ಒತ್ತಡಕ್ಕೆ ದ್ರವವಾಗುತ್ತವೆ. ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗ ಮೀಥೇನ್. ಸೊನ್ನೆಗಿಂತ 82 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸದ ಹೊರತು, ಎಷ್ಟೇ ಅದುಮಿದರೂ ಅದು ದ್ರವವಾಗದು. ಅನಿಲವಾಗಿಯೇ ಅದುಮಿ ತುಂಬಬಹುದು, ವಾಹನಗಳ ಸಿಎನ್‌ಜಿ ಹಾಗೆಯೇ. ಅದಕ್ಕೆ ವಾಯುಮಂಡಲದ ಸುಮಾರು 200 ಪಟ್ಟು ಒತ್ತಡ, ಕಂಪ್ರೆಸರ್, ದಪ್ಪ ಉಕ್ಕಿನ ಸಿಲಿಂಡರ್ ಎಲ್ಲವೂ ಬೇಕು. ನಾಲ್ಕಾರು ದನಗಳ ಮನೆಗೆ ಅದು ಎಟುಕುವ ಮಾತಲ್ಲ.

1950ರ ದಶಕದಲ್ಲಿ ಜಶಭಾಯಿ ಪಟೇಲ್ ರೂಪಿಸಿದ, ಮುಂದೆ ಖಾದಿ ಗ್ರಾಮೋದ್ಯೋಗ ಆಯೋಗ ದೇಶದಲ್ಲೆಲ್ಲ ಹರಡಿದ ತೇಲುವ ಡ್ರಮ್ಮಿನ ಮಾದರಿ ಅನಿಲ ಕೂಡಿಡುವ ಈ ತೊಡಕಿಗೆ ಕೊಟ್ಟ ಉತ್ತರ ಬಹಳ ಸರಳ. ಸಗಣಿ ನೀರಿನ ಬಗ್ಗಡ ತುಂಬಿದ ಬಾವಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು ಅನಿಲ ತುಂಬಿದಂತೆ ಏರುತ್ತದೆ, ಬಳಸಿದಂತೆ ಇಳಿಯುತ್ತದೆ. ಒತ್ತಡ ಕೊಡುವುದು ಡ್ರಮ್ಮಿನ ತೂಕ. ಒಂದು ಚದರ ಸೆಂಟಿಮೀಟರಿಗೆ 10 ಗ್ರಾಂ ತೂಕ ಬಿದ್ದರೆ 10 ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ, ಒಲೆಗೆ ಅಷ್ಟು ಸಾಕು. ಡ್ರಮ್ಮು ಮೇಲಿರಲಿ ಕೆಳಗಿರಲಿ, ತೂಕ ಬದಲಾಗದ್ದರಿಂದ ಉರಿಯೂ ಬದಲಾಗದು. ಇದೇ ಒತ್ತಡದಲ್ಲಿ ಕದಲದ ಗೋಡೆಗಳ ಪಾತ್ರೆ ಎಷ್ಟು ಕೊಟ್ಟೀತು, ಲೆಕ್ಕ ಹಾಕಿ. ವಾಯುಮಂಡಲದ ಒತ್ತಡ ಸುಮಾರು 1000 ಸೆಂಟಿಮೀಟರ್ ನೀರಿನಷ್ಟು. ಅದರ ಮೇಲೆ 10 ಸೆಂಟಿಮೀಟರ್ ಎಂದರೆ ನೂರಕ್ಕೆ ಒಂದು. ಸಾವಿರ ಲೀಟರಿನ ಪಾತ್ರೆಯಿಂದ ಒಲೆಗೆ ಹರಿಯುವುದು 10 ಲೀಟರ್ ಮಾತ್ರ! ಉಳಿದದ್ದು ಒಳಗೇ ನಿಲ್ಲುತ್ತದೆ. ಬಲವಂತವಾಗಿ ಎಳೆದರೆ ಸಂದುಗಳಿಂದ ಗಾಳಿ ಒಳನುಗ್ಗಿ, ಮೀಥೇನಿನೊಡನೆ ಬೆರೆತು ಸಿಡಿಯುವ ಅಪಾಯವಿದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. 1984ರಲ್ಲಿ ಬಂದ ದೀನಬಂಧು ಮಾದರಿಯಲ್ಲಿ ಇಟ್ಟಿಗೆಯ ಗುಮ್ಮಟ ಕದಲುವುದೇ ಇಲ್ಲ, ಖರ್ಚೂ ಕಡಿಮೆ, ಆದರೂ ಒಲೆ ಉರಿಯುತ್ತದಲ್ಲ? ಉರಿಯುತ್ತದೆ, ನಿಜ. ಆದರೆ ಒಳಗೆ ನಡೆಯುವುದನ್ನು ಗಮನಿಸಿ. ಅನಿಲ ಹೆಚ್ಚಿದಂತೆ ಬಗ್ಗಡ ಪಕ್ಕದ ತೊಟ್ಟಿಗೆ ಏರುತ್ತದೆ, ಬಳಸಿದಂತೆ ಮರಳಿ ಬರುತ್ತದೆ. ಚಾವಣಿ ಸ್ಥಿರ, ನೆಲ ಚಲಿಸುತ್ತದೆ. ಅಂದರೆ ಅದೂ ಹಿಗ್ಗಿ ಕುಗ್ಗುವ ಪಾತ್ರೆಯೇ. ಬಗ್ಗಡದ ಮಟ್ಟದೊಂದಿಗೆ ಒತ್ತಡ ಏರಿಳಿಯುವುದು ಅದರ ಕೊರತೆ. ಗುಮ್ಮಟ ಬಿರುಕು ಬಿಟ್ಟರೆ ಅನಿಲ ಕಾಣದಂತೆ ಸೋರುತ್ತದೆ. ವಾತಾವರಣವನ್ನು ಬಿಸಿಮಾಡುವುದರಲ್ಲಿ ಮೀಥೇನ್ ಇಂಗಾಲದ ಡೈ ಆಕ್ಸೈಡಿಗಿಂತ ಎಷ್ಟೋ ಪಟ್ಟು ಕೆಟ್ಟದ್ದಾದ್ದರಿಂದ ಇದು ಸಣ್ಣ ವಿಷಯವಲ್ಲ. ಡ್ರಮ್ಮಾದರೆ ಎಷ್ಟು ಅನಿಲವಿದೆ ಎಂಬುದನ್ನು ಅಂಗಳದಿಂದಲೇ ನೋಡಬಹುದು.

ಡ್ರಮ್ಮು ತುಕ್ಕು ಹಿಡಿಯುತ್ತದೆ ಎಂಬ ದೂರು ಸತ್ಯ. ಆದರೆ ಅದು ಕಬ್ಬಿಣದ ದೋಷ, ತತ್ತ್ವದ್ದಲ್ಲ. ಫೈಬರ್ ಗ್ಲಾಸಿನ ಡ್ರಮ್ಮುಗಳಿವೆ, ರಬ್ಬರಿನ ಬಲೂನುಗಳೂ ಬಂದಿವೆ. ಇದು ಬಡವರ ಉಪಾಯವೆಂದು ಕಡೆಗಣಿಸುವವರು ಜರ್ಮನಿಯ ಓಬರ್‌ಹೌಸನ್‌ನತ್ತ ನೋಡಬೇಕು. ಅಲ್ಲಿ 1929ರಲ್ಲಿ ಮುಗಿದ, 117 ಮೀಟರ್ ಎತ್ತರದ ಅನಿಲಾಗಾರದೊಳಗೆ ಉಕ್ಕಿನ ತಟ್ಟೆಯೊಂದು ಇದೇ ರೀತಿ ಏರಿಳಿಯುತ್ತಿತ್ತು. ಪೆಟ್ರೋಲಿನ ದೊಡ್ಡ ಟ್ಯಾಂಕುಗಳಿಗೂ ತೇಲುವ ಚಾವಣಿಯಿರುತ್ತದೆ. ಆವಿ ತುಂಬಿಕೊಳ್ಳಲು ಖಾಲಿ ಜಾಗವೇ ಇರಬಾರದೆಂದು.

ಹೊಸದಾಗಿ ಸ್ಥಾವರ ಕಟ್ಟಿಸುವ ರೈತ ಬಂಧುಗಳು ಬೆಲೆಯ ಜೊತೆಗೆ ಇನ್ನೆರಡು ಮಾತು ಕೇಳಿ ತಿಳಿದುಕೊಳ್ಳಿ: ಎಷ್ಟು ಗಂಟೆಯ ಅನಿಲ ಇದರಲ್ಲಿ ನಿಲ್ಲುತ್ತದೆ, ಸೋರಿದರೆ ನಮಗೆ ಹೇಗೆ ಗೊತ್ತಾಗುತ್ತದೆ?