ಕುಂಡದ ಸೊಪ್ಪು ಮತ್ತು ಮನೆಯ ಬೆಕ್ಕು

(ಸಂಡೂರು ಗುಡ್ಡಸಾಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಗಣಿ, ಕಾಡು, ನೀರು ಎಂಬ ದೊಡ್ಡ ಸಂಗತಿಗಳ ನಡುವೆ ಬೆಕ್ಕಿನ ವಿಚಾರವೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಭಾಗದಲ್ಲಿ ಮನೆಯಂಗಳದ ತರಕಾರಿಗೆ ನೆಲ ದೊರೆಯುವುದೇ ಕಷ್ಟ. ಹಂಪಿಯ ಸುತ್ತ ಬಂಡೆ, ಸಂಡೂರಿನ ಗುಡ್ಡದಂಚಿನಲ್ಲಿ ಅದಿರು ಬೆರೆತ ಗಟ್ಟಿ ಮಣ್ಣು, ಹೊಸಪೇಟೆ, ಕಂಪ್ಲಿಗಳ ಓಣಿಗಳಲ್ಲಿ ಕಾಂಕ್ರೀಟು. ಆದ್ದರಿಂದಲೇ ಎಣ್ಣೆಡಬ್ಬಿ, ಒಡೆದ ಕೊಡ, ಸಿಮೆಂಟಿನ ಚೀಲಗಳಲ್ಲಿ ಮೆಂತ್ಯ, ರಾಜಗಿರಿ, ಬದನೆ ಬೆಳೆಯುವ ತಾಯಂದಿರು ಇಲ್ಲಿದ್ದಾರೆ. ಅವರಿಂದ ನಾನು ಮತ್ತೆ ಮತ್ತೆ ಕೇಳುವ ದೂರು ಹುಳುವಿನದಲ್ಲ, ಬೆಕ್ಕಿನದು. ಬಿತ್ತಿದ ಮರುದಿನವೇ ಮಣ್ಣು ಕೆದರಿರುತ್ತದೆ, ಮೊಳಕೆ ಮಗುಚಿರುತ್ತದೆ, ಮೂಲೆಯಲ್ಲಿ ಹೇಲು ಹೂತಿರುತ್ತದೆ.

ಸಿಟ್ಟಿಗೆದ್ದವರು ಕೈಗೆ ಸಿಕ್ಕ ಇಲಿಪಾಷಾಣವನ್ನೋ ಹೊಲಕ್ಕೆ ತಂದ ಕೀಟನಾಶಕದ ಹರಳನ್ನೋ ಕುಂಡದ ಸುತ್ತ ಉದುರಿಸುವುದುಂಟು. ಕಳವಳದ ಸಂಗತಿ ಇದು. ಫೋರೇಟ್ ಹರಳು 2020ರ ಕೊನೆಯಿಂದ ದೇಶದಲ್ಲಿ ನಿಷಿದ್ಧ. ಅದು ಬೇರಿನ ಮೂಲಕ ಎಲೆಗೇ ಏರುವ ವಿಷ. ಬೆಕ್ಕಿಗೆಂದು ಇಟ್ಟದ್ದು ಮಕ್ಕಳ ತಟ್ಟೆಗೆ ಬರುತ್ತದೆ. ನುಸಿಗುಳಿಗೆಯೂ ಬೆಕ್ಕಿಗೆ, ಮಗುವಿಗೆ ಒಂದೇ ಬಗೆಯಲ್ಲಿ ಅಪಾಯಕಾರಿ. ಪ್ರಾಣಿಗೆ ವಿಷವಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅಪರಾಧವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೆಕ್ಕು ಹಗೆಯಿಂದ ಕೆದರುವುದಿಲ್ಲ. ಅದರ ಪೂರ್ವಜ ಒಣನಾಡಿನ ಕಾಡುಬೆಕ್ಕು. ಸಡಿಲವಾದ ಒಣ ಮಣ್ಣನ್ನು ತೋಡಿ ಮಲವನ್ನು ಮುಚ್ಚುವುದು ಅದರ ಹುಟ್ಟುಗುಣ. ಮನುಷ್ಯನೊಡನೆ ಅದರ ನಂಟೂ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿ ದೊರೆತುದು 2004ರಲ್ಲಿ ಪ್ರಕಟವಾಯಿತು. ಧಾನ್ಯ ಕೂಡಿಟ್ಟಲ್ಲಿ ಇಲಿ, ಇಲಿಯಿದ್ದಲ್ಲಿ ಬೆಕ್ಕು. ಭತ್ತ ಬೆಳೆಯುವ ಕಂಪ್ಲಿಯವರಿಗೆ ಇದನ್ನು ನಾನು ವಿವರಿಸಬೇಕೆ? ನಾವು ಹದಮಾಡಿದ ಕುಂಡದ ಮಣ್ಣು ಬೆಕ್ಕಿನ ಕಣ್ಣಿಗೆ ಅಣಿಗೊಳಿಸಿದ ಶೌಚಸ್ಥಾನವಾಗಿ ತೋರುತ್ತದೆ. ಬದಲಾಯಿಸಬೇಕಾದುದು ಆ ಮಣ್ಣಿನ ಮೇಲ್ಮೈಯನ್ನು.

ಬಿತ್ತಿದೊಡನೆ ಒದ್ದೆ ಗೋಣಿತಟ್ಟನ್ನು ಹೊದಿಸಿ ಅಂಚಿಗೆ ಕಲ್ಲು ಹೇರಿ. ಮೆಂತ್ಯ ಮೂರು-ನಾಲ್ಕು ದಿನಕ್ಕೆ ಮೊಳೆಯುತ್ತದೆ. ಮೊಳೆತ ಕೂಡಲೇ ತಟ್ಟನ್ನು ತೆಗೆದು, ತೊಗರಿ ಅಥವಾ ಹತ್ತಿಯ ಒಣಕಡ್ಡಿಗಳನ್ನು ಮೂರು-ಮೂರು ಅಂಗುಲಕ್ಕೊಂದರಂತೆ ನೆಟ್ಟಗೆ ಚುಚ್ಚಿ. ಬೆಕ್ಕಿಗೆ ಕುಳಿತು ತಿರುಗಲು ಎಡೆ ಇಲ್ಲದಿದ್ದರೆ ಸಾಕು. ಬಳ್ಳಾರಿ ಜಾಲಿಯ ಮುಳ್ಳು ಧಾರಾಳವಾಗಿ ಸಿಗುತ್ತದೆಂದು ಅದನ್ನೇ ಹಾಸುವವರಿದ್ದಾರೆ. ನೀರೆರೆಯುವ ಕೈಗೆ, ಪಕ್ಕದಲ್ಲಿ ಆಡುವ ಮಗುವಿನ ಕಣ್ಣಿಗೆ ಅದು ಕೇಡು. ಬದನೆ, ಮೆಣಸಿನಂಥ ಗಿಡಗಳ ಬುಡಕ್ಕೆ ಅಂಗೈಯಗಲದ ಚಪ್ಪಟೆ ಕಲ್ಲುಗಳನ್ನು ಜೋಡಿಸಿ. ಕಲ್ಲಿಗೆ ನಮ್ಮಲ್ಲಿ ಬರವಿಲ್ಲ. ತೇವವೂ ಉಳಿಯುತ್ತದೆ. ಮುಚ್ಚಿಗೆಗೆ ಕಬ್ಬಿನ ರವದಿ ಒಳ್ಳೆಯದು. ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ ಬೇಡ. ಅವು ಒಣ ಮಣ್ಣಿಗಿಂತಲೂ ಸಡಿಲ, ಬೆಕ್ಕಿಗೆ ಕೊಟ್ಟ ಆಹ್ವಾನವೇ ಸರಿ. ಮೀನಿನ ಗೊಬ್ಬರ, ಎಲುಬಿನ ಪುಡಿ ಹಾಕಿದ ಕುಂಡವನ್ನೂ ಅದು ವಾಸನೆ ಹಿಡಿದು ತೋಡುತ್ತದೆ.

ಇನ್ನೊಂದು ಗಿಡದ ಮಾತು. ಕುಂಡಗಳಲ್ಲಿ ತಾನಾಗಿ ಏಳುವ ಕುಪ್ಪಿಗಿಡವನ್ನು ಕಿತ್ತು ಅಲ್ಲೇ ಎಸೆಯಬೇಡಿ. ಅದರ ಹಸಿ ಬೇರಿನ ವಾಸನೆಗೆ ಬೆಕ್ಕು ಮರುಳಾಗಿ ಬಂದು, ಹೊರಳಾಡಿ, ಸುತ್ತಲಿನ ಸಸಿಗಳನ್ನೆಲ್ಲ ನೆಲಸಮ ಮಾಡುತ್ತದೆ. ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಿ ನೋಡಬಹುದು, ಆದರೆ ಕುಂಡಗಳಿಂದ ದೂರದಲ್ಲಿ!

ಈಗ ಆರೋಗ್ಯದ ವಿಷಯ. ನಮ್ಮದು ಜೋಳದ ರೊಟ್ಟಿಯೊಡನೆ ಮೆಂತ್ಯ, ಹಕ್ಕರಿಕೆ, ಈರುಳ್ಳಿ ತಪ್ಪಲುಗಳನ್ನು ಹಸಿಯಾಗಿಯೇ ತಿನ್ನುವ ನಾಡು. ಇಲಿ, ಹಕ್ಕಿಗಳನ್ನು ತಿಂದ ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮ ಎಂಬ ಪರೋಪಜೀವಿ ಇರಬಹುದು. 1908ರಲ್ಲೇ ಗುರುತಿಸಲಾದ ಈ ಜೀವಿಗೆ ಬೆಕ್ಕಿನ ಕುಲವೇ ಮೂಲ ಆಶ್ರಯವೆಂದು ತಿಳಿದದ್ದು 1970ರ ಸುಮಾರಿಗೆ. ಸಾಮಾನ್ಯ ಆರೋಗ್ಯವಂತರಿಗೆ ಹೆಚ್ಚಿನ ತೊಂದರೆಯಿಲ್ಲ. ಗರ್ಭಿಣಿಗೆ ಮೊದಲ ಬಾರಿ ತಗುಲಿದರೆ ಮಾತ್ರ ಗರ್ಭಪಾತವಾಗಬಹುದು, ಶಿಶುವಿನ ಕಣ್ಣು, ಮಿದುಳಿಗೆ ಹಾನಿಯಾಗಬಹುದು. ಹಾಗೆಂದು ಬೆಕ್ಕನ್ನು ಮನೆಯಿಂದ ಅಟ್ಟಬೇಕಿಲ್ಲ. ಅದು ಈ ಜೀವಿಯ ಮೊಟ್ಟೆಗಳನ್ನು ಹೊರಹಾಕುವುದು ಸಾಮಾನ್ಯವಾಗಿ ಬದುಕಿನಲ್ಲಿ ಒಮ್ಮೆ, ಎರಡು-ಮೂರು ವಾರಗಳಷ್ಟು ಕಾಲ. ಹೊರಬಿದ್ದ ಮೊಟ್ಟೆ ಸೋಂಕು ತರುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನದಿನವೂ ಮಲ ತೆಗೆದರೆ ಸರಪಳಿ ತುಂಡಾಗುತ್ತದೆ. ಬಿಟ್ಟರೆ, ನೆರಳಿನ ತೇವದ ಮಣ್ಣಿನಲ್ಲಿ ಅದು ವರ್ಷಕ್ಕೂ ಮೀರಿ ಉಳಿಯಬಲ್ಲದು. ಬ್ಲೀಚಿಂಗ್ ಪುಡಿಗೆ ಅದು ಸಾಯುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಬೆಕ್ಕು ಮುಟ್ಟಿದ ಕುಂಡದ ಸೊಪ್ಪನ್ನು ಪಚಡಿಗಲ್ಲ, ಪಲ್ಯಕ್ಕೆ ಬಳಸಿ. ಗರ್ಭಿಣಿಯರ ಪಾಲಿನ ಮಣ್ಣಿನ ಕೆಲಸವನ್ನು ಮನೆಯ ಗಂಡಸರು ಒಂಬತ್ತು ತಿಂಗಳು ಮಾಡಲಿ, ಕೈಯೇನೂ ಸವೆಯುವುದಿಲ್ಲ.

ಕೊನೆಯದಾಗಿ, ಬೆಕ್ಕಿಗೂ ಒಂದು ಜಾಗ ಬೇಕು. ಅಗಲವಾದ ಹಳೆಯ ಬುಟ್ಟಿಯಲ್ಲಿ ಜರಡಿ ಹಿಡಿದ ಒಣ ಮಣ್ಣನ್ನೋ, ಮೇಲೆ ಬೇಡವೆಂದ ಭತ್ತದ ಹೊಟ್ಟನ್ನೋ ನಾಲ್ಕು ಅಂಗುಲ ತುಂಬಿ, ಮಳೆ ತಾಗದ, ಜನ ಓಡಾಡದ ಮೂಲೆಯಲ್ಲಿಡಿ. ಹೊಳೆಯ ಮರಳು ಬೇಡ, ತುಂಗಭದ್ರೆಯಿಂದ ಅಗೆದದ್ದು ಸಾಕಾಗಿದೆ. ಕುಂಡದಲ್ಲಿ ಸಿಕ್ಕ ಮಲದ ಚೂರೊಂದನ್ನು ಮೊದಲ ದಿನ ಆ ಬುಟ್ಟಿಗೆ ಹಾಕಿದರೆ ಬೆಕ್ಕು ಸುಳುಹು ಹಿಡಿಯುತ್ತದೆ. ಅಲ್ಲಿಂದ ತೆಗೆದುದನ್ನು ತಿಪ್ಪೆಗಾಗಲಿ ಎರೆಗೊಬ್ಬರದ ತೊಟ್ಟಿಗಾಗಲಿ ಸೇರಿಸದೆ, ಬಾವಿ, ಹಳ್ಳಗಳಿಂದ ದೂರದಲ್ಲಿ ಮೊಳದಾಳದ ಗುಂಡಿ ತೆಗೆದು ಹೂಳಿರಿ.